ಇಲ್ಲದ ಅಲಗು

ದೋಣಿ ಶೆಡ್ಡಿನ ಮಹಡಿ,
ಭಾನುವಾರ, ಊಟದ ಹೊತ್ತು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭುಜದ ಬಗ್ಗೆ ಕೇಳುವ ಮೊದಲು ನಿದ್ದೆಯ ಬಗ್ಗೆ ಕೇಳು ಎಂದು ಅಪ್ಪ ಹೇಳಿದ್ದಾನೆ. ಆದ್ದರಿಂದ, ನಿದ್ದೆ ಬರುತ್ತಿದೆಯಾ? ಎಡಮಗ್ಗುಲಲ್ಲೇ ಮಲಗುವುದು ಅಭ್ಯಾಸವಾಯಿತಾ? ಚಿಕ್ಕಮ್ಮನೇ ಇನ್ನೂ ನಿನ್ನ ಜಡೆ ಹೆಣೆಯುತ್ತಾಳೆ ಎಂದು ಅಮ್ಮ ಹೇಳಿದಳು. ಅಂದರೆ ಬಲಗೈ ಇನ್ನೂ ತಲೆಯವರೆಗೆ ಏಳುತ್ತಿಲ್ಲ ಎಂದಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ನಮ್ಮ ಮನೆಗೆ ಬರುವ ನೆಂಟರ ಹಾಗೆ, ಹೊರಟೆ ಹೊರಟೆ ಅನ್ನುತ್ತದೆ, ಹೋಗುವುದಿಲ್ಲ. ಅಮ್ಮನನ್ನು ಲಾಂಡ್ರಿಯಲ್ಲಿ ಇಸ್ತ್ರಿಯಿಂದ ಬಿಡಿಸಿ ಬಟ್ಟೆ ಮಡಿಸುವ ಕಡೆ ಹಾಕಿದ್ದಾರೆ. ಅಲ್ಲಿ ಬಿಸಿ ಕಡಿಮೆ, ಮಾತು ಜಾಸ್ತಿ, ಖುಷಿಯಾಗಿದ್ದಾಳೆ. ನಾನು ಒಡೆದ ದೋಣಿಗಳಿಗೆ ತೇಪೆ ಹಾಕಿಕೊಂಡಿದ್ದೇನೆ. ಈ ಕಾಗದದ ಮೇಲಿನ ಕಲೆ ಕಣ್ಣೀರಲ್ಲ, ತೇಪೆಯ ಅಂಟು.

ನೀನು ಫೋನಿನಲ್ಲಿ ಕೇಳದೆ ಬರೆದು ಕೇಳಿದ್ದು ಒಳ್ಳೆಯದಾಯಿತು. ಫೋನು ಬಂದರೆ ಅಮ್ಮ ನನ್ನ ಕಿವಿಗೆ ತನ್ನ ಕಿವಿ ಅಂಟಿಸಿಕೊಂಡು ನಿಲ್ಲುತ್ತಾಳೆ. ಆದರೂ ನಿನ್ನ ಪ್ರಶ್ನೆ ಮನೆಯಲ್ಲೆಲ್ಲ ಗೊತ್ತಾಯಿತು. ಕಯಾಕ್ ದೋಣಿ ಬಿಟ್ಟು ಕನೂ ದೋಣಿ ಹಿಡಿದರೆ ಈ ಭುಜದಲ್ಲಿ ಮತ್ತೆ ರೇಸಿಗೆ ಇಳಿಯಬಹುದಾ, ಎರಡನ್ನೂ ಓಡಿಸಿ ನೋಡಿ ಬರಿ ಎಂದಿದ್ದೆಯಲ್ಲ, ಅದಕ್ಕೆ ಉತ್ತರ ಹೇಳಿಕೊಡಲು ಇಬ್ಬರು ಸಿದ್ಧರಾಗಿದ್ದಾರೆ. ‘ಅದು ಇನ್ನೂ ಅಪಾಯ ಅಂತ ಬರಿಯೋ, ಹುಡುಗಿ ಅಲ್ಲೇ ಯಾವುದಾದರೂ ಕೆಲಸ ನೋಡ್ಕೊಳ್ಲಿ’ ಎಂದು ಅಮ್ಮ. ‘ಸುಲಭ ಅಂತ ಬರಿ, ಬಂದ್ಮೇಲೆ ನಾನು ನೋಡ್ಕೋತೀನಿ’ ಎಂದು ನಮಗೆಲ್ಲ ಹುಟ್ಟು ಹಾಕಲು ಕಲಿಸಿದ ಸೀಟಿ ಮೇಷ್ಟ್ರು. ನಮ್ಮ ಕ್ಲಬ್ಬಿನಲ್ಲಿ ಕನೂ ಓಡಿಸುವ ಹೆಣ್ಣುಮಗಳು ಒಬ್ಬಳೂ ಇಲ್ಲ, ಅವರಿಗೆ ಒಬ್ಬಳು ಬೇಕು. ನಾನು ಇಬ್ಬರಿಗೂ ಆಗುವುದಿಲ್ಲ ಎಂದೆ. ‘ತಪ್ಪಾಯ್ತು ಅಂತ ಒಂದು ಸಾಲು ಬರೆಯೋಕಾಗದೆ ಸ್ಕೂಲೇ ಬಿಟ್ಟು ಬಂದ ಪುಣ್ಯಾತ್ಮ, ನೀನು ಯಾರ ಮಾತು ಕೇಳ್ತೀಯ’ ಎಂದು ಅಮ್ಮ ಹಳೆಯ ರಾಗ ತೆಗೆದಳು. ತಪ್ಪು ನನ್ನದಾಗಿದ್ದರೆ ಬರೆಯುತ್ತಿದ್ದೆ. ಅದಿರಲಿ.

ಈಗ ನೋಡಿದ್ದನ್ನು ಹೇಳುತ್ತೇನೆ. ನಿನ್ನ ಕಯಾಕ್‌ನಲ್ಲಿ ಕಾಲು ಚಾಚಿ ಕೂತಿರುತ್ತೇವೆ, ಹುಟ್ಟಿನ ಎರಡು ತುದಿಗೂ ಅಲಗು. ಎಡಕ್ಕೊಂದು ಬಲಕ್ಕೊಂದು ಹಾಕುತ್ತ ಹೋಗುವುದು ನಡೆದಷ್ಟೇ ಸಹಜ. ದೋಣಿ ಯಾವ ಕಡೆ ವಾಲಿದರೂ ಆ ಕಡೆ ಒಂದು ಅಲಗು ಕಾದಿರುತ್ತದೆ. ಕನೂನಲ್ಲಿ ಮಂಡಿಯೂರಿ ಕೂತು, ತೊಡೆಯ ಮೇಲೆ ಪಟ್ಟಿ ಬಿಗಿದು, ಒಂದೇ ಅಲಗಿನ ಹುಟ್ಟು ಹಿಡಿಯಬೇಕು. ಕೆಳಗಿನ ಕೈ ಎಳೆಯುತ್ತದೆ, ಮೇಲಿನ ಕೈ ಹಿಡಿಯ ತುದಿಯನ್ನು ಒತ್ತುತ್ತದೆ. ಮೊದಲ ದಿನ ದಡಕ್ಕೆ ಬಂದು ಏಳಲು ಹೋದರೆ ನನಗೆ ಕಾಲುಗಳೇ ಇರಲಿಲ್ಲ. ಬೇಕರಿಯಣ್ಣ (ಹಳೆಯ ಕನೂ ಓಟಗಾರ, ನಿನಗೆ ಗೊತ್ತಲ್ಲ, ದೋಣಿಯೊಳಗೂ ಹಿಟ್ಟು ಉದುರಿಸುವವನು) ನನ್ನನ್ನು ಮೂಟೆಯ ಹಾಗೆ ಎತ್ತಿ ಇಳಿಸಿದ. ಆದರೆ ಮಂಡಿಯ ಮೇಲೆ ಕೂತರೆ ಕಣ್ಣು ಎತ್ತರಕ್ಕೆ ಹೋಗುತ್ತದೆ. ಕಯಾಕ್‌ನಲ್ಲಿ ಅಲೆಯ ಮುಖ ಮಾತ್ರ ಕಾಣುತ್ತದೆ, ಕನೂನಲ್ಲಿ ಅದರ ಬೆನ್ನ ಹಿಂದೆ ಏನಿದೆ ಎಂಬುದೂ ಕಾಣುತ್ತದೆ. ಕಯಾಕ್‌ನಲ್ಲಿ ಒಂದು ಹೊಡೆತ ತಪ್ಪಿದರೆ ಮುಂದಿನದು ಸರಿಮಾಡುತ್ತದೆ. ಕನೂನಲ್ಲಿ ಅಷ್ಟು ಪುರುಸೊತ್ತಿಲ್ಲ. ಅಲಗು ನೀರೊಳಗೇ ಇರಬೇಕು, ಎಳೆದು ಮುಗಿದ ಕೂಡಲೇ ಅದನ್ನೇ ತಿರುವಿ ಚುಕ್ಕಾಣಿ ಮಾಡಿಕೊಳ್ಳಬೇಕು. ಹುಟ್ಟು ಎಡಗಡೆ ಇದ್ದು ನೀರು ಬಲಕ್ಕೆ ಹಾಕು ಎಂದರೆ, ಕೈ ಬದಲಿಸಬೇಕು, ಇಲ್ಲವೇ ಹಿಡಿತ ಬಿಡದೆ ಸೊಂಟದಿಂದ ಮೈ ತಿರುಚಿ ಹುಟ್ಟನ್ನು ದೋಣಿಯ ಮೂತಿಯ ಮೇಲಿಂದ ಆಚೆಗೆ ದಾಟಿಸಬೇಕು. ನೋಡುವವರಿಗೆ ಬಾಗಿಲಲ್ಲಿ ಸಿಕ್ಕಿಕೊಂಡ ಏಣಿ ಬಿಡಿಸುವ ಹಾಗೆ ಕಾಣುತ್ತದೆ. ಬೇಕರಿಯಣ್ಣ ಮಾಡಿದರೆ ಮಾತ್ರ ಹಾಗೆ ಕಾಣುವುದಿಲ್ಲ.

ಎಳೆಯುವ ಕೈ ಎಡದ್ದೇ ಆಗಬೇಕು, ಆದ್ದರಿಂದ ನಿನಗೆ ಎಡಗಡೆಯ ಹುಟ್ಟೇ ಗತಿ. ಆಗ ಬಲಗೈ ಮೇಲಿರುತ್ತದೆ, ಆದರೆ ಮೊಣಕೈ ಮಡಿಸಿ ಎದೆಯ ಮುಂದೆಯೇ ಇರುತ್ತದೆ. ಡಾಕ್ಟರು ಹೆದರಿಸಿದ್ದು ಕೈ ಮೇಲೆದ್ದು ಹೊರಗೆ ಹೋಗಿ ಹಿಂದಕ್ಕೆ ಬಾಗುವುದನ್ನು. ‘ಇನ್ನೊಂದು ಸಲ ಕೀಲು ಜಾರಿದ್ರೆ ತಲೆ ಬಾಚೋಕೂ ಕೈ ಏಳಲ್ಲ’ ಎಂದದ್ದು ನನಗೂ ನೆನಪಿದೆ. ಅದಕ್ಕೇ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ, ನನ್ನ ಬಲತೋಳು ಭುಜಕ್ಕಿಂತ ಮೇಲೆ ಹೋಗದ ಹಾಗೆ ಪಕ್ಕೆಗೆ ಕಟ್ಟಿಸಿಕೊಂಡೆ. ‘ಪಾರ್ಸಲ್ ಕಟ್ಟಿದ ಹಾಗಿದೆ ಕಣೋ, ವಿಳಾಸ ಬರೆದು ಕಳಿಸಿಬಿಡ್ಲಾ?’ ಎಂದ ಬೇಕರಿಯಣ್ಣ ಹಗ್ಗ ಹಿಡಿದು ಕೆಳಗಿನ ಬಂಡೆಯ ಮೇಲೆ ನಿಂತ. ನೀರಿನ ಮೇಲೆ ತೂಗುಹಾಕಿದ ಜೋಡಿ ಕೋಲುಗಳ ನಡುವೆ ನುಸುಳುವುದು ತಾನೇ, ಹರಿವಿನ ಜೊತೆ ಇಳಿಯುವ ಹಸಿರು ಗೇಟುಗಳಲ್ಲಿ ಏನೂ ತೊಂದರೆಯಾಗಲಿಲ್ಲ. ಬಂಡೆಯ ಹಿಂದೆ ತಿರುಗಿ ನೀರಿಗೆದುರಾಗಿ ಹತ್ತಬೇಕಾದ ಕೆಂಪು ಗೇಟು ಎಡಗಡೆ ಬಂದಾಗ, ನಿಜ ಹೇಳುತ್ತೇನೆ, ಕಯಾಕ್‌ಗಿಂತ ಚೆನ್ನಾಗಿತ್ತು. ಅಲಗನ್ನು ಆಳಕ್ಕೆ ನೆಟ್ಟರೆ ಇಡೀ ದೋಣಿ ಅದರ ಸುತ್ತ ತಿರುಗುತ್ತದೆ. ಬಲಗಡೆಯ ಕೆಂಪು ಗೇಟಿನಲ್ಲಿ ನಿಧಾನವಾಯಿತು, ಕೋಲಿಗೂ ತಾಗಿದೆ. ಇದು ಕಲಿತರೆ ಬರುವಂಥದ್ದು.

ಕಲಿತರೆ ಸಾಲದು ಎಂಬುದು ಅದರಾಚೆ ಗೊತ್ತಾಯಿತು. ಪಕ್ಕದಿಂದ ಒಂದು ಅಲೆ ಬಂದು ದೋಣಿ ಬಲಕ್ಕೆ ವಾಲಿತು. ನನ್ನ ಬಲಗೈ ನನ್ನನ್ನು ಕೇಳಲಿಲ್ಲ. ಮಣಿಕಟ್ಟು ತಿರುಗಿತು, ಮೊಣಕೈ ಮೇಲೆ ಹಾರಿ ಹಿಂದಕ್ಕೆ ಹೋಯಿತು, ಬಲಗಡೆಯ ಅಲಗನ್ನು ನೀರಿಗೆ ಬಡಿಯಲು. ಬಲಗಡೆ ಅಲಗೇ ಇಲ್ಲ. ಟ್ಯೂಬು ತೋಳನ್ನು ಜಗ್ಗಿ ನಿಲ್ಲಿಸಿತು, ನಾನು ನೀರಿಗೆ ಬಿದ್ದೆ. ಹಗ್ಗ ಎಳೆದು ದಡಕ್ಕೆ ಹಾಕಿದ ಮೇಲೆ ಬೇಕರಿಯಣ್ಣ ನಗಲಿಲ್ಲ. ‘ಕಯಾಕ್‌ನಿಂದ ಬಂದವರೆಲ್ಲ ಇದನ್ನೇ ಮಾಡ್ತಾರೆ. ಬಲಕ್ಕೆ ವಾಲಿದ್ರೆ ಕೈ ಮರೆತುಬಿಡು, ಬಲತೊಡೆ ಎತ್ತು, ಎಡಮಂಡಿ ಒತ್ತು’ ಎಂದ. ಮಾರನೆಯ ದಿನ ಮಂಡಿ ಮಾತು ಕೇಳಿತು. ಅದರ ಮಾರನೆಯ ದಿನ ಮತ್ತೆ ಕೈಯೇ ಹೋಯಿತು. ನಾನು ಕಯಾಕ್ ಹಿಡಿದು ಹೆಚ್ಚು ಕಾಲವಾಗಿಲ್ಲ, ಅದೂ ಅರೆಮನಸ್ಸಿನಿಂದ. ನಿನ್ನ ಕೈಗೆ ಅದು ಹಲ್ಲು ಬೀಳುವ ವಯಸ್ಸಿನಿಂದ ರೂಢಿ.

ಆದ್ದರಿಂದ ನನ್ನ ಉತ್ತರ ಇದು. ಕನೂ ನಿನ್ನ ಭುಜಕ್ಕೆ ಏನೂ ಮಾಡುವುದಿಲ್ಲ, ನಿನ್ನ ಕೈಯೊಳಗಿನ ಕಯಾಕ್ ಮಾಡುತ್ತದೆ. ಈ ಸಲದ ರೇಸು ಆಗದ ಮಾತು. ಒಂದು ಚಳಿಗಾಲ ಪೂರ್ತಿ ನಿಂತ ನೀರಿನಲ್ಲಿ, ಹೊಸದಾಗಿ ಸೇರಿದ ಮಕ್ಕಳ ಜೊತೆ, ತೋಳು ಕಟ್ಟಿಕೊಂಡು ಬೀಳುತ್ತಿರಬೇಕು. ನಿನ್ನನ್ನು ಗೆದ್ದವಳೆಂದು ನೋಡಿದವರೆಲ್ಲ ಅದನ್ನೂ ನೋಡುತ್ತಾರೆ. ಆ ಕೈ ಮರೆಯುವ ಮೊದಲೇ ನೊರೆನೀರಿಗೆ ಇಳಿದರೆ ಡಾಕ್ಟರು ಹೇಳಿದ್ದೇ ಆಗುತ್ತದೆ. ಮರೆತರೆ, ಎಡಗಡೆಯ ಗೇಟುಗಳಲ್ಲಿ ನಿನ್ನನ್ನು ಹಿಡಿಯುವುದು ಕಷ್ಟ. ಗೆಲ್ಲುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರಿಗೂ ಗೊತ್ತಿಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಅಪ್ಪ ಅಮ್ಮ ಇಬ್ಬರ ಆಶೀರ್ವಾದವನ್ನೂ ಇದರಲ್ಲೇ ಮಡಿಸಿ ಕಳಿಸಿದ್ದೇನೆ. ಅಮ್ಮನದು ಬೈಗುಳದ ಜೊತೆಗಿದೆ, ಬೇರೆ ಮಾಡಿಕೋ. ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡ.

ನಿನ್ನ ತಮ್ಮ,
ಮಿಡತೆ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಮನಸ್ಸಿರಲಿಲ್ಲ. ಕ್ಲಬ್ಬಿನಲ್ಲಿ ಕೊಡುವುದಕ್ಕೆ ಇರುವುದು ಒಂದೇ ಕನೂ. ನೀನು ಬೇಡ ಎಂದರೆ ಅದು ನನಗೆ ಬರುತ್ತದೆ. ನಿನಗೋಸ್ಕರ ಓಡಿಸಲು ಹೋಗಿ ನನಗೇ ಅದರ ಹುಚ್ಚು ಹಿಡಿದಿದೆ, ಬೇರೆ ಯಾವುದರಲ್ಲೂ ನಾನು ಇಷ್ಟು ಹೊತ್ತು ಒಂದೇ ಕಡೆ ಕೂತಿಲ್ಲ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಬರೆದವನಿಗೆ ಆ ದೋಣಿ ಬೇಕು ಎಂಬುದನ್ನು ಇಟ್ಟುಕೊಂಡು ಇನ್ನೊಂದು ಸಲ ಓದು. ಮುಂದಿನ ಭಾನುವಾರ ಬೇಕರಿಯಣ್ಣ ಅದರೊಳಗಿನ ಸ್ಪಂಜಿನಲ್ಲಿ ಮಂಡಿಗೆ ಗುಂಡಿ ಕೊರೆಯುತ್ತಾನೆ, ಒಬ್ಬರಿಗೆ ಕೊರೆದದ್ದು ಇನ್ನೊಬ್ಬರಿಗೆ ಕೂರುವುದಿಲ್ಲ. ಬೇಕಿದ್ದರೆ ಹಳೆಯ ಪೇಪರಿನ ಮೇಲೆ ಮಂಡಿಯೂರಿ ಕೂತು ಚಿಕ್ಕಮ್ಮನ ಕೈಯಲ್ಲಿ ಸುತ್ತ ಗೆರೆ ಎಳೆಸಿ ಕಳಿಸು. ಅಷ್ಟರೊಳಗೆ ಬರದಿದ್ದರೆ ನನ್ನ ಮಂಡಿಗೇ ಕೊರೆಸುತ್ತೇನೆ. ಆಮೇಲೆ ಬಂದು ಕೇಳಿದರೆ ಕೊಡುವುದಿಲ್ಲ, ಅಕ್ಕಾ.