ಸರ್ವಮಂಗಳಜ್ಜಿ ಗುಡಿಸಿದ ಕಡಲತೀರ

ಸಾಂತ್ ಮಾರ್ವಾ ದ್ವೀಪ, ಕೆರಿಬಿಯನ್ ಸಮುದ್ರ
ಮರಳುತಿಂಗಳ ಮೂವತ್ತೇಳನೇ ದಿನ, ೨೧೩೧

ಪೂಜ್ಯ ಸರ್ವಮಂಗಳಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಕಪಿಲಾ ಮಾಡುವ ನಮಸ್ಕಾರಗಳು.

ತಿಂಗಳಿಗೆ ಮೂವತ್ತೇಳು ದಿನ ಎಲ್ಲಿಂದ ಬಂತು ಎಂದು ಗಾಬರಿಯಾಗಬೇಡಿ. ತೀರಕ್ಕೆ ಒಂದಿಷ್ಟು ಮರಳು ಬಂದು, ಮತ್ತೆ ಪೂರ್ತಿ ಕೊಚ್ಚಿಹೋಗುವವರೆಗಿನ ಅವಧಿಯನ್ನು ನಾವು ಮರಳುತಿಂಗಳು ಎನ್ನುತ್ತೇವೆ. ನನ್ನ ಕನ್ನಡ ವಿಚಿತ್ರವಾಗಿದ್ದರೆ ಕ್ಷಮಿಸಿ. ಇಲ್ಲಿ ಅದನ್ನು ಆಡುವವರು ನಾನು ಮತ್ತು ನನ್ನ ಮಗಳು ಇಬ್ಬರೇ. ಜಗಳವಾಡಿ ಮಾತು ಬಿಟ್ಟಾಗ ಅದೂ ಇಲ್ಲ.

ಈಗ, ನೂರು ವರ್ಷದ ಹಿಂದಿನ ನಿಮ್ಮ ಕಾಲದಲ್ಲಿ, ನೀವು ನಂಜನಗೂಡಿನ ಮನೆಯಲ್ಲಿ, ಮದುವೆಯಾಗಿ ಮೂವತ್ತು ವರ್ಷ ತುಂಬಿದ ಸಂಭ್ರಮಕ್ಕೆ ರೆಸಾರ್ಟ್ ಹುಡುಕುತ್ತಿದ್ದೀರಿ. ಸೀರೆ ಅಂಗಡಿಯಲ್ಲಿ ಕೂತ ಹಾಗೆ ಎಲ್ಲವನ್ನೂ ತೆಗೆಸಿ ನೋಡಿ ಎರಡನ್ನು ಉಳಿಸಿಕೊಂಡಿದ್ದೀರಿ. ಒಂದು, ಕೈಗೆ ಪಟ್ಟಿ ಕಟ್ಟಿ ಒಳಗೆ ಬಿಡುವ, ಐದು ರೆಸ್ಟೋರೆಂಟುಗಳ ದೊಡ್ಡ ರೆಸಾರ್ಟ್. ಇನ್ನೊಂದು, ನಮ್ಮ ಈ ದ್ವೀಪದಲ್ಲಿ ಮಿಸ್ ವರ್ಲಿನ್ ಎಂಬಾಕೆಯ ಹನ್ನೆರಡು ಕೋಣೆಯ ಪುಟ್ಟ ರೆಸಾರ್ಟ್. ನೀವು ಮಗಳಿಗೆ ಕಳಿಸಿದ ವಾಯ್ಸ್ ಮೆಸೇಜ್ ನಮ್ಮ ಬಳಿ ಇನ್ನೂ ಇದೆ: “ಚಿಕ್ಕದೇ ಇರ್ಲಿ ಕಣೇ. ನಮ್ಗೆ ಬೇರೆ ಪಾತ್ರೇಲೇ ಸಾರು ಮಾಡ್ಕೊಡ್ತಾರಂತೆ. ಊಟ, ತಿಂಡಿ, ಜ್ಯೂಸು, ದೋಣಿ, ಎಲ್ಲಾ ಸೇರ್ಕೊಂಡಿದೆ. ಆದ್ರೂ ಚಟ್ನಿಪುಡಿ ತಗೊಂಡೇ ಹೋಗ್ತೀನಿ.” ಕೇಳಿದಾಗಲೆಲ್ಲ ನಗು ಬರುತ್ತದೆ. ಹಿಂದೆಯೇ ಸಿಟ್ಟೂ ಬರುತ್ತದೆ.

ಏಕೆಂದರೆ ಮೊದಲ ಬೆಳಿಗ್ಗೆ ನೀವು ಎದ್ದು ನೋಡಿದಾಗ ಮರಳಿನ ಮೇಲೆ ಕಡಲಹುಲ್ಲು ರಾಶಿ ಬಿದ್ದಿರುತ್ತದೆ. ದಿನಾ ಬಾಗಿಲು ಸಾರಿಸಿ ರಂಗೋಲಿ ಇಡುವ ನಿಮಗೆ ಅದನ್ನು ನೋಡಿಕೊಂಡು ಕೂರಲಾಗುವುದಿಲ್ಲ. ಅಡುಗೆಯವಳಿಂದ ಪೊರಕೆ ಇಸಿದುಕೊಂಡು ಇಡೀ ತೀರ ಗುಡಿಸಿ, ಒದ್ದೆ ಮರಳಿನಲ್ಲಿ ರಂಗೋಲಿ ಎಳೆಯುತ್ತೀರಿ. ನಂಜುಂಡಾರಾಧ್ಯ ತಾತ ಫೋಟೊ ತೆಗೆಯುತ್ತಾರೆ. ಅತಿಥಿಯೇ ಕಸ ಗುಡಿಸುವಂತಾಯಿತಲ್ಲ ಎಂದು ವರ್ಲಿನ್ ನಾಚಿಕೆಯಿಂದ ಕುಗ್ಗಿಹೋಗುತ್ತಾಳೆ. ನಿಮಗೆ ಇನ್ನು ಮುಂದೆ ಆಗುವುದು ನಮಗೆ ಆಗಿಹೋದದ್ದು: ಮರುದಿನದಿಂದಲೇ ಅವಳು ಜನರನ್ನು ಇಟ್ಟು ತೀರ ಗುಡಿಸತೊಡಗಿದಳು. ಆ ಫೋಟೊ ನೋಡಿ ಹೆಚ್ಚು ಜನ ಬಂದರು, ಬಂದವರಿಗೆ ಇನ್ನೂ ಶುಚಿ ಬೇಕಾಯಿತು, ಯಂತ್ರ ಬಂತು. ಕೊನೆಗೆ ನೀರಿನೊಳಗಿನ ಹುಲ್ಲನ್ನೂ ಬೇರುಸಮೇತ ಕಿತ್ತರು. ಮರಳನ್ನು ಹಿಡಿದಿಟ್ಟುಕೊಂಡಿದ್ದುದೇ ಆ ಹುಲ್ಲು. ವರ್ಲಿನ್‌ಗೆ ಅದು ಗೊತ್ತಿತ್ತು, ಮರ್ಯಾದೆಗೆ ಅಂಜಿ ಸುಮ್ಮನಿದ್ದಳು.

ಈಗ ನಮ್ಮೂರಿನಲ್ಲಿ ದಿನಕ್ಕೆರಡು ಸಲ, ಕಡಲು ಉಕ್ಕುವ ಹೊತ್ತಿಗೆ, ನೀರುಗಂಟೆ ಬಾರಿಸುತ್ತಾರೆ. ಕೇಳಿದೊಡನೆ ಕೋಳಿ, ಪಾತ್ರೆ, ಹಾಸಿಗೆ ಎಲ್ಲವನ್ನೂ ಹೊತ್ತು ಅಟ್ಟ ಹತ್ತುತ್ತೇವೆ. ಅಡುಗೆ ಅಲ್ಲೇ, ಮಕ್ಕಳ ಪಾಠವೂ ಅಲ್ಲೇ. ಕೆಳಗಿನ ಬಾವಿ ಉಪ್ಪಾಗಿ ನನ್ನ ವಯಸ್ಸಾಯಿತು. ನಾಡಿದ್ದು ಹಡಗು ಬರುತ್ತದೆ, ಊರಿಗೆ ಊರೇ ಹೊರಡಬೇಕು. ಎಲ್ಲಿಗೆಂದು ಯಾರೂ ಸರಿಯಾಗಿ ಹೇಳುತ್ತಿಲ್ಲ. ನನಗೆ ಭಯವಾಗಿದೆ ಅಜ್ಜಿ.

ದೊಡ್ಡ ರೆಸಾರ್ಟಿಗೇ ಹೋಗಿ ಎಂದು ಒಂದು ಪತ್ರ ಬರೆದೆ, ಹರಿದುಹಾಕಿದೆ. ನೀವು ಪೊರಕೆ ಹಿಡಿದು ನಗುವ ಆ ಫೋಟೊವನ್ನು ನೋಡಿಯೇ ನಿಮ್ಮ ಮೊಮ್ಮಗಳು ಮುಂದೆ ಇಲ್ಲಿಗೆ ಬಂದು, ವರ್ಲಿನ್‌ಳ ಮೊಮ್ಮಗನನ್ನು ಮದುವೆಯಾದದ್ದು. ಅದಿಲ್ಲದಿದ್ದರೆ ನಾವಿಲ್ಲ. ಆ ಫೋಟೊ ನಮ್ಮ ಗೋಡೆಯ ಮೇಲಿತ್ತು. ಈಗ ನೀರು ಆ ಗೋಡೆಗೇ ಬಂದಿದೆ. ಹಡಗಿಗೆ ಮನೆಗೊಂದೇ ಪೆಟ್ಟಿಗೆ. ನಾನು ಎರಡು ಸಲ ಫೋಟೊವನ್ನು ಹೊರಗೆ ತೆಗೆದಿಟ್ಟೆ, ಮಗಳು ಎರಡು ಸಲವೂ ಒಳಗಿಟ್ಟಳು.

ಆದ್ದರಿಂದ ಇಷ್ಟೇ ಬೇಡುತ್ತೇನೆ. ವರ್ಲಿನ್ ಮನೆಗೇ ಬನ್ನಿ, ಚಟ್ನಿಪುಡಿಯನ್ನೂ ತನ್ನಿ. ಎಲ್ಲಾ ಸೇರಿದೆ ಎಂದಿರಲ್ಲ, ಆ ಹುಲ್ಲೂ ಅದರಲ್ಲಿ ಸೇರಿದೆ. ಪೊರಕೆ ಮಾತ್ರ ಕೇಳಬೇಡಿ. ರಂಗೋಲಿ ಇಡಲೇಬೇಕೆನಿಸಿದರೆ ಕೋಣೆಯ ಬಾಗಿಲಲ್ಲಿ ಇಡಿ. ಆಮೇಲೆ ಹುಲ್ಲಿನ ಪಕ್ಕದಲ್ಲಿ ಕೂತು, ತಾತನಿಂದ ಒಂದು ಫೋಟೊ ತೆಗೆಸಿಕೊಳ್ಳಿ, ಚೆನ್ನಾಗಿ ನಗಿ. ಅದನ್ನು ನೋಡಿಯೂ ನಿಮ್ಮ ಮೊಮ್ಮಗಳಿಗೆ ಇಲ್ಲಿಗೆ ಬರುವ ಮನಸ್ಸಾಗಬೇಕು. ಆಗದಿದ್ದರೆ ಊರು ಉಳಿಯುತ್ತದೆ, ನಾವಿಬ್ಬರು ಮಾತ್ರ ಇರುವುದಿಲ್ಲ.

ಹೀಗೊಂದು ಪತ್ರ ಬರೆದೆನೆಂದು ಮಗಳಿಗೆ ಹೇಳಿಲ್ಲ.

ನಿಮ್ಮ,
ಕಪಿಲಾ