ಸಾಲು ಮಾಯವಾಗೋ ಮೊದಲೇ

ನನ್ನ ಸೊಸೆ ಟೀಚರಮ್ಮನಿಗೆ ಅತ್ತೆಯ ಆಶೀರ್ವಾದ.

ನಿನ್ನೆ ನಮ್ಮ ಲಾಂಡ್ರಿ ಕೆಲಸಕ್ಕೆ ರಜೆ. ರೂಮಿನವರೆಲ್ಲ ಟೀವೀಲಿ ಹೊಡೆದಾಟದ ಸಿನಿಮಾ ನೋಡಿದ್ವಿ. ಪೊಲೀಸಿನವನದೊಂದು ಭಾಷೆ, ಕಳ್ಳನದೊಂದು, ಕಳ್ಳನ ಹೆಂಡತಿಯದು ಇನ್ನೊಂದು. ಕೆಳಗೆ ಮಾತ್ರ ಕನ್ನಡ ಅಕ್ಷರ. ಮೊದಮೊದಲು ನಾನು ಒತ್ತಕ್ಷರ ಕೂಡಿಸೋ ಅಷ್ಟರಲ್ಲಿ ಸಾಲೇ ಮಾಯ. ಅರ್ಧ ಸಿನಿಮಾ ಆಗೋ ಹೊತ್ತಿಗೆ ಸಾಲು ಪೂರ್ತಿ ಓದಿ, ತಲೆಯೆತ್ತಿ ಒದೆಯನ್ನೂ ನೋಡಿದೆ! ಹತ್ತನೇ ಕ್ಲಾಸು ಓದಿರೋ ಪಕ್ಕದ ಮಂಚದವಳು, "ಅಕ್ಕಾ, ಅವನೇನಂದ?" ಅಂತ ನನ್ನನ್ನೇ ಕೇಳಿದ್ಲು. ನೀನು ಹಳೇ ಕ್ಯಾಲೆಂಡರ್ ಹಿಂದೆ ಅಕ್ಷರ ತಿದ್ದಿಸಿದ್ದು ಸಾರ್ಥಕ ಕಣೇ.

ಮಂಡಿನೋವು ಕಡಿಮೆ. ಇಷ್ಟು ದಿನ ಕಾರ್ಡು ಬೇರೆಯವರ ಕೈಲಿ ಬರೆಸ್ತಿದ್ದೆ, ಅವರೆದುರು ನಾಚಿಕೆಯಾಗಿ ಮಗನಿಗೆ ಬೈದಿರಲಿಲ್ಲ. ಇದು ನನ್ನದೇ ಕೈಬರಹ. ಇನ್ಮೇಲೆ ಹುಷಾರಾಗಿರು ಅಂತ ಹೇಳು ಅವನಿಗೆ.