ಆಚೆ ಕೋಣೆಯ ಜೋಡಿ

ಮನೆ, ಮಹಡಿ ಕೋಣೆ
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಜಗಳಗಂಟೀ,

ಹೇಗಿದ್ದೀಯ? ಕೆಮ್ಮು ಹೋಯಿತಾ? ನರ್ಸುಗಳಿಗೆ ಪಾಠ ಹೇಳೋಕೆ ಹೋದವಳು ನೀನೇ ಕೆಮ್ಮುತ್ತಾ ಕೂತರೆ ಯಾರು ನಿನ್ನ ಮಾತು ಕೇಳ್ತಾರೆ, ಹೇಳು? ಬಿಸಿನೀರು ಕುಡಿ, ಆ ಬಾಡಿಗೆ ಕೋಣೆಯ ಕಿಟಕಿ ತೆಗೆದಿಟ್ಟು ಮಲಗಬೇಡ. ನಾನು ಚೆನ್ನಾಗಿದ್ದೀನಿ ಅಂತ ಬರೆಯೋದು ವಾಡಿಕೆ, ಅದಕ್ಕೆ ಬರೆದೆ. ನಿಜ ಹೇಳಬೇಕೆಂದರೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೀನಿ ಕಣೇ. ಫೋನಿನಲ್ಲಿ ಹೇಳೋಣ ಅಂದರೆ ಈ ಮನೆಯಲ್ಲಿ ಪಿಸುಗುಟ್ಟಿದ್ದೂ ಅಡುಗೆಮನೆಗೆ ಕೇಳಿಸುತ್ತೆ.

ಈ ಸಲದ ಬ್ರಿಜ್ ಎಲೆಯಾಟದ ಪಂದ್ಯಕ್ಕೆ ‘ಅಳಿಯನೇ ನನ್ನ ಜೋಡಿ’ ಅಂತ ಮಾವ ಇದ್ದಕ್ಕಿದ್ದ ಹಾಗೆ ಅಂದಾಗ ನೀನು ಎಷ್ಟು ಹಿಗ್ಗಿದೆ! ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ನನ್ನಂಥ ಕನ್ನಡಕದಂಗಡಿಯವನಿಗೆ ಅಷ್ಟು ದೊಡ್ಡ ಆಟಗಾರರ ಎದುರು ಕೂರೋ ಭಾಗ್ಯ ಅಂದುಕೊಂಡೆ. ಆದರೆ ಆ ಕುರ್ಚಿ ಅತ್ತೆಯದಲ್ಲವಾ? ಮದುವೆಯಾದಾಗಿನಿಂದ ಮಾವನೆದುರು ಕೂತು ಆಡಿದವರನ್ನು ನಮ್ಮ ತಂಡದ ಹಲ್ಲಿನ ಡಾಕ್ಟರಿಗೆ ಜೋಡಿ ಮಾಡಿ ಆಚೆ ಕೋಣೆಗೆ ಕಳಿಸಿಬಿಟ್ಟರು. ತಂಡದ ಆಟದ ರೀತಿಯೇ ಅದು ತಾನೆ? ನಮ್ಮವರಿಬ್ಬರು ಒಂದು ಕೋಣೆ, ಇನ್ನಿಬ್ಬರು ಇನ್ನೊಂದು ಕೋಣೆ, ಬಾಗಿಲು ಮುಚ್ಚಿ. ಇಲ್ಲಿ ಆಡಿದ ಎಲೆಗಳನ್ನೇ ಅಲ್ಲೂ ಆಡಿಸಿ ಕೊನೆಗೆ ಎರಡು ಕೋಣೆಯ ಅಂಕಗಳನ್ನೂ ತಾಳೆ ನೋಡ್ತಾರೆ. ಅಲ್ಲಿಯವರೆಗೆ ಈ ಕೋಣೆಯ ಪಾಡು ಆ ಕೋಣೆಗೆ ಗೊತ್ತಾಗಲ್ಲ. ಅವತ್ತಿನಿಂದ ಅತ್ತೆ ನನಗೆ ಮುಖ ಕೊಟ್ಟು ಮಾತಾಡಿಲ್ಲ. ಗಂಡನನ್ನೇ ಕದ್ದುಕೊಂಡು ಹೋದವನ ಹಾಗೆ ನೋಡ್ತಾರೆ, ಊಟಕ್ಕೆ ಕೂತರೆ ಸೌಟು ದಡಬಡ ಅನ್ನುತ್ತೆ.

ನಿನ್ನೆಯ ಪಂದ್ಯದಲ್ಲಿ ಒಂದು ಆಟಕ್ಕೆ ಮಾವ ಆಡುವವರು, ನಾನು ಡಮ್ಮಿ. ನನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಬಾಯಿ ಮುಚ್ಚಿ ಕೂತಿದ್ದೆ. ಡಮ್ಮಿ ಹುಬ್ಬು ಹಾರಿಸಿದರೂ ತಪ್ಪು. ಇಸ್ಪೀಟು ತುರುಫು, ಉಳಿದ ಬಣ್ಣಗಳನ್ನೆಲ್ಲ ಕತ್ತರಿಸೋ ಎಲೆ. ತಮ್ಮ ಹತ್ತಿರ ಐದು ಆಟೀನು ಎಲೆ ಇದೆ ಅಂತ ಮಾವ ಆಟದ ಪಣ ಕೂಗುವಾಗಲೇ ತಿಳಿಸಿದ್ದರು, ಅವರ ಕೈಯಿಂದ ಬಿದ್ದದ್ದು ಮೂರೇ. ಎದುರಾಳಿ ಮತ್ತೆ ಆಟೀನು ಇಳಿಸಿದರೆ ಇವರು ಠೀವಿಯಿಂದ ತುರುಫು ಹಾಕಿ ಕತ್ತರಿಸಿಬಿಟ್ಟರು! ಕೈಯಲ್ಲಿ ಆಟೀನು ಇದ್ದರೆ ಅದನ್ನೇ ಹಾಕಬೇಕು, ತುರುಫು ಹಾಕಿದರೆ ದಂಡ. ಅಂಥ ಹೊತ್ತಲ್ಲಿ ಡಮ್ಮಿ ಒಂದೇ ಒಂದು ಪ್ರಶ್ನೆ ಕೇಳಬಹುದು. ‘ಮಾವಾ, ಆಟೀನು ಇಲ್ವಾ?’ ಅಂದೆ. ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ನೋಡಿ ‘ಇಲ್ಲಪ್ಪಾ’ ಅಂದರು. ಅಲ್ಲಿಗೆ ನನ್ನ ಹಕ್ಕು ಮುಗಿಯಿತು. ಎರಡು ಸುತ್ತಿನ ನಂತರ ಅದೇ ಕೈಯಿಂದ ಆಟೀನು ಒಂಬತ್ತು ಹೊರಬಿತ್ತು. ತೀರ್ಪುಗಾರರು ಬಂದರು, ದಂಡ ಬಿತ್ತು, ಗೆಲ್ಲುವ ಆಟ ಮಣ್ಣುಪಾಲಾಯಿತು. ಮಾವನ ಮುಖ ನೋಡಬೇಕಿತ್ತು ನೀನು. ಬೇಡ, ನೋಡದೇ ಇದ್ದದ್ದೇ ಒಳ್ಳೆಯದಾಯಿತು.

ಬಿಡುವಿನಲ್ಲಿ ಕೈತೊಳೆಯುವ ಕಡೆ ನನ್ನ ತೋಳು ಹಿಡಿದುಕೊಂಡರು. ಆರು ತಿಂಗಳಿಂದ ಹೀಗಂತೆ. ಬಿದ್ದ ಎಲೆ ನೆನಪಿರಲ್ಲ, ಕೈಯಲ್ಲಿರೋ ಎಲೆ ಕಣ್ಣಿಗೆ ಕಂಡರೂ ತಲೆಗೆ ಹೋಗಲ್ಲ. ‘ನಿಮ್ಮತ್ತೆ ಎದುರಿಗೆ ಕೂತಿದ್ರೆ ಮೊದಲನೇ ದಿನವೇ ಹಿಡೀತಿದ್ಲು ಕಣಪ್ಪಾ, ಅದಕ್ಕೇ ಆಚೆ ಕೋಣೆಗೆ ಕಳಿಸಿದೆ. ಅವಳಿಗೆ ಹೇಳಲ್ಲ ಅಂತ ಮಾತು ಕೊಡು’ ಅಂದರು. ಅಂಥ ಮನುಷ್ಯ ನನ್ನೆದುರು ಕಣ್ಣು ತುಂಬಿಕೊಂಡಾಗ ಏನು ಮಾಡಲಿ? ಕೊಟ್ಟೆ. ಡಾಕ್ಟರಿಗೆ ತೋರಿಸೋಣ ಅಂದರೆ ‘ಪಂದ್ಯ ಮುಗೀಲಿ’ ಅಂದುಬಿಟ್ಟರು.

ಪಂದ್ಯ ಸೋತುಹೋಗಿದ್ದರೆ ನಾನು ಪಾರಾಗ್ತಿದ್ದೆ. ಅತ್ತೆ ಆ ಸಿಟ್ಟಿನಲ್ಲೇ ಆಚೆ ಕೋಣೆಯಲ್ಲಿ ಎದುರಾಳಿಗಳನ್ನು ಚಿಂದಿ ಮಾಡಿ ತಂಡವನ್ನು ಗೆಲ್ಲಿಸಿಬಿಟ್ಟರು! ಮುಂದಿನ ಶನಿವಾರ ಮತ್ತೆ ಅದೇ ಕುರ್ಚಿ. ನಮ್ಮ ಕೋಣೆಯಲ್ಲಿ ಆ ಆಟ ಹೇಗೆ ಕೈತಪ್ಪಿ ಹೋಯಿತು ಅಂತ ಅತ್ತೆ ಕೇಳಿದಾಗ, ನಾನೇ ದುರಾಸೆಯಿಂದ ಪಣ ಹೆಚ್ಚು ಕೂಗಿದೆ ಅಂದೆ. ‘ಆಡೋಕೆ ಬರದವರು ಕೂರಬಾರದು ಅಳಿಯಂದಿರೇ’ ಅಂದರು. ಮಾವ ಚಪ್ಪಲಿ ಹುಡುಕುತ್ತಾ ಬಗ್ಗಿದವರು ತಲೆ ಎತ್ತಲೇ ಇಲ್ಲ. ಹೇಳಿದರೆ ಮಾವನಿಗೆ ದ್ರೋಹ, ಹೇಳದಿದ್ದರೆ ಅತ್ತೆಗೆ.

ವೇಳೆಗೆ ಸರಿಯಾಗಿ ಊಟ ಮಾಡು. ನಿನ್ನ ಗೆಳತಿಯರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನವನೇ ಆದ,
ಮನೆಯಳಿಯ

ತಾ.ಕ.: ಲಕೋಟೆ ಅಂಟಿಸೋ ಹೊತ್ತಿಗೆ ಅತ್ತೆ ಮಹಡಿ ಹತ್ತಿ ಬಂದರು, ಸೂಟ್‌ಕೇಸ್ ಕೇಳೋಕೆ. ಶುಕ್ರವಾರದ ಬಸ್ಸಿಗೆ ನಿನ್ನ ಹತ್ತಿರ ಹೊರಟಿದ್ದಾರೆ, ಪಂದ್ಯ ಹಾಳಾಗಿ ಹೋಗಲಿ ಅಂತ. ‘ನನ್ನ ಮುಖ ನೋಡಿ ನೋಡಿ ಅವರಿಗೆ ಸಾಕಾಗಿದೆ, ಎದುರಿಗೆ ಕೂರೋದೂ ಬೇಡವಾಗಿದೆ’ ಅಂದು ಅತ್ತುಬಿಟ್ಟರು. ನಾನು ಸೂಟ್‌ಕೇಸಿನ ಧೂಳು ಒರೆಸಿ ಕೊಟ್ಟೆನೇ ಹೊರತು ಬಾಯಿ ಬಿಡಲಿಲ್ಲ, ಮಾತು ಕೊಟ್ಟಿದ್ದೀನಲ್ಲ. ಆದರೆ ಮಗಳಿಗೆ ಹೇಳಬೇಡ ಅಂತ ಮಾವ ಹೇಳಿರಲಿಲ್ಲ. ಮರೆತರೋ, ಬೇಕಂತಲೇ ಬಿಟ್ಟರೋ ನನಗೆ ಗೊತ್ತಿಲ್ಲ. ಅತ್ತೆ ಅಲ್ಲಿ ಒಳಗೆ ಕಾಲಿಡುತ್ತಿದ್ದ ಹಾಗೆ ಎಲ್ಲವನ್ನೂ ಹೇಳಿಬಿಡು, ಮುಂದಿನ ಬಸ್ಸಿಗೇ ಇಬ್ಬರೂ ಹೊರಟು ಬನ್ನಿ.